ಬಿಳಿ ಎಲೆ ಸಂರಕ್ಷಣಾ ಸಮಿತಿ

ಕುಷಾಯಿಗೂಡದ ಶುಭೋದಯ ಅಪಾರ್ಟ್‌ಮೆಂಟಿನಲ್ಲಿ, ಗಿಡವೊಂದು ಸಮಿತಿಯ ನೆರವಿಲ್ಲದೆ ಬೆಳೆಯಬಲ್ಲದು ಎಂಬ ತಪ್ಪು ತಿಳುವಳಿಕೆ ಕಳೆದ ಬೇಸಿಗೆಯವರೆಗೂ ಚಾಲ್ತಿಯಲ್ಲಿತ್ತು. ಅದನ್ನು ಸರಿಪಡಿಸಿದ ಶ್ರೇಯಸ್ಸು ಗುರುರಾಜರದು. ಅವರು ಮಾತ್ರ ಅದನ್ನು ಬೇಡವೆನ್ನುತ್ತಾರೆ.

ಗುರುರಾಜರು ಸಿಕಂದರಾಬಾದಿನ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟರಾಗಿದ್ದು, ಆಗಷ್ಟೇ ನಿವೃತ್ತರಾಗಿದ್ದರು. ಮನೆಯಲ್ಲಿ ಯಾರೂ ಅವರ ಮುಂದೆ ಕಡತ ತಂದಿಡುತ್ತಿರಲಿಲ್ಲ. ಹಾಲು ಉಕ್ಕಿದರೆ, "ಇದನ್ನ ನನ್ನ ಗಮನಕ್ಕ ಯಾಕ ತರಲಿಲ್ಲ?" ಎಂದು ಕೇಳುವುದೊಂದೇ ಉಳಿದಿದ್ದ ಅಧಿಕಾರ. ಇದನ್ನು ನೋಡಲಾರದೆ ಹೆಂಡತಿ ಸಂಪದಾ ಮೆಹದಿಪಟ್ಟಣಂ ಕಡೆಯ ನರ್ಸರಿಯಿಂದ ಒಂದು ಮಾನ್‌ಸ್ಟೆರಾ ತಂದರು. ತಟ್ಟೆಯಗಲದ ಸೀಳು ಎಲೆಗಳ ಅಲಂಕಾರದ ಗಿಡ. ಅರ್ಧ ಹಸಿರು, ಅರ್ಧ ಹಾಲು ಚೆಲ್ಲಿದಂತೆ ಬಿಳಿ. ಬಸ್ಸಿನಲ್ಲಿ ಅದಕ್ಕೆ ಕಿಟಕಿಯ ಸೀಟು ಕೊಟ್ಟು ತಾವು ನಿಂತು ಬಂದಿದ್ದರು.

"ನೇರ ಬಿಸಲು ಬ್ಯಾಡ, ಬೆಳಕು ಬೇಕು. ಮಣ್ಣು ಒಣಗಿದ ಮ್ಯಾಲ ನೀರು. ಇಷ್ಟ ನೋಡ್ರಿ."

"ಇಷ್ಟ? ಇದಕ್ಕ ಮ್ಯಾಲಿನವರು ಯಾರು?"

"ಯಾರೂ ಇಲ್ಲ."

ಗುರುರಾಜರಿಗೆ ಅಂದು ಊಟ ಸೇರಲಿಲ್ಲ. ಕೈ ತೊಳೆದವರೇ ಹೋಗಿ ನಿವಾಸಿಗಳ ಸಂಘದ ಅಧ್ಯಕ್ಷ ಅಮರಯ್ಯನವರಿಗೆ ವಿಷಯ ಮುಟ್ಟಿಸಿದರು.

ಅಮರಯ್ಯನವರು ಅನುಭವಿಗಳು. ಲಿಫ್ಟು ಕೆಟ್ಟಾಗ ಅವರು ನೇಮಿಸಿದ ಸಮಿತಿ ಇಂದಿಗೂ ಸಭೆ ಸೇರುತ್ತದೆ. ಆ ಸಭೆಗೆ ಎಲ್ಲರೂ ಮೆಟ್ಟಿಲು ಹತ್ತಿಯೇ ಹೋಗುತ್ತಾರೆ. ಅವರು ಕೂಡಲೇ ಬಿಳಿ ಎಲೆ ಸಂರಕ್ಷಣಾ ಸಮಿತಿಯನ್ನು ರಚಿಸಿದರು. ನಿಷ್ಪಕ್ಷಪಾತದ ದೃಷ್ಟಿಯಿಂದ, ಜನ್ಮದಲ್ಲಿ ಗಿಡ ನೆಡದವರನ್ನೇ ಸದಸ್ಯರನ್ನಾಗಿ ಆರಿಸಲಾಯಿತು. ಗುರುರಾಜರು ಗೌರವ ಕಾರ್ಯದರ್ಶಿ. ಬಹಳ ದಿನಗಳ ಮೇಲೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟದ್ದನ್ನು ಕಂಡು ಸಂಪದಾ ಸಂತೋಷಪಟ್ಟರು. ಆ ಸಂತೋಷ ಮೊದಲನೆಯ ಪ್ರಕಟಣೆಯವರೆಗೆ ಬಾಳಿತು.

"ಸರ್ವ ನಿವಾಸಿಗಳ ಅವಗಾಹನೆಗೆ: ಸದರಿ ಗಿಡವು ಉಷ್ಣವಲಯದ್ದಾಗಿರುವುದರಿಂದ ತೇವಾಂಶ ಅವಶ್ಯ. ಆದಕಾರಣ ಎಲ್ಲ ಮನೆಗಳ ಒದ್ದೆ ಬಟ್ಟೆಗಳನ್ನು ಗುರುರಾಜರ ಪಡಸಾಲೆಯಲ್ಲಿಯೇ ಒಣಗಿಸತಕ್ಕದ್ದು. ಗಿಡದ ಸಮ್ಮುಖದಲ್ಲಿ ಮೆಣಸಿನಕಾಯಿ ಹುರಿಯತಕ್ಕದ್ದಲ್ಲ."

ಪಡಸಾಲೆಯ ತುಂಬ ಊರವರ ಲುಂಗಿ, ಚಾದರ ತೂಗಿದವು. ಗಂಡಹೆಂಡತಿ ಯಾರದೋ ಸೀರೆಯಡಿ ಕೂತು ಊಟ ಮಾಡಿದರು. ಆಗಾಗ ಸಾರಿಗೆ ಒಂದೆರಡು ಹನಿ ಬೀಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೂ ಜನ ಬಂದು "ನಮ್ಮದು ಆತೇನ್ರಿ?" ಎಂದು ಕೇಳುವರು, ಗುರುರಾಜರು ಮುಟ್ಟಿ ನೋಡಿ "ನಾಳೆ ಬರ್ರಿ" ಎನ್ನುವರು. ನಿವೃತ್ತಿ ಇಷ್ಟು ಸುಖವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಗಿಡ ಪೂರ್ತಿ ಬಿಳಿಯ ಎಲೆಯೊಂದನ್ನು ಬಿಟ್ಟಿತು. ಸಮಿತಿ ಓಡಿಬಂತು. ಅಮರಯ್ಯನವರು ಎಲೆಗೆ ಶಾಲು ಹೊದಿಸಲು ಹೋಗಿ, ಭಾರವಾದೀತೆಂದು ತಾವೇ ಹೊದ್ದುಕೊಂಡರು.

"ಈ ಬಿಳಿ ಎಲಿ ಏನು ಕೆಲಸ ಮಾಡತೈತ್ರಿ?" ಎಂದು ಸದಸ್ಯ ಉಪೇಂದ್ರ ಕೇಳಿದ.

"ಏನೂ ಮಾಡಂಗಿಲ್ಲ," ಎಂದರು ಸಂಪದಾ. "ಹಸಿರು ಎಲಿ ಅಡಿಗಿ ಮಾಡತಾವ, ಬಿಳಿ ಎಲಿ ಕೂತು ಉಣತಾವ."

ಪ್ರತಿಯೊಬ್ಬ ಸದಸ್ಯನಿಗೂ ಆ ಎಲೆ ತನ್ನ ರಕ್ತಸಂಬಂಧಿ ಅನಿಸಿತು.

"ಅಂದ್ರ ಅಧಿಕಾರಿ ವರ್ಗ," ಎಂದು ಅಮರಯ್ಯನವರು ಕೈಮುಗಿದರು. "ಅವರ ನಡುವ ಈ ಹಸಿರು ಗುಮಾಸ್ತರು ಶೋಭಾಸಂಗಿಲ್ಲ. ತಗದುಬಿಡೋಣ."

"ತಗದ್ರ ಗಿಡ ಉಪವಾಸ ಸಾಯತೈತ್ರಿ!" ಎಂದರು ಸಂಪದಾ.

"ತಮ್ಮ ಕಳಕಳಿಯನ್ನು ಸಮಿತಿ ಮೆಚ್ಚಿಕೊಂಡಿದೆ. ಪರವಾಗಿರೋರು ಕೈ ಎತ್ರಿ."

ಗುರುರಾಜರ ಕೈ ತಾನೇ ಎದ್ದಿತು. ಸರ್ವಿಸಿನುದ್ದಕ್ಕೂ ಅದು ಹಾಗೇ ಏಳುತ್ತ ಬಂದ ಕೈ. ಅವರು ನೋಡುವಷ್ಟರಲ್ಲಿ ಮೇಲಿತ್ತು. ಆಮೇಲೆ ಸಂಪದಾರ ಮುಖ ಕಂಡಿತು. ಆಕೆ ಒಳಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದರು. ಗುರುರಾಜರ ಎದೆಗೆ ಆ ಸದ್ದು ಒಂದೊಂದೂ ಬಡಿಯಿತು.

ಎಲೆಗಳ ಹಸಿರು ಭಾಗ, ಹಸಿರು ಹೆಚ್ಚಿದ್ದ ಕಾಂಡದ ತುದಿ, ಎಲ್ಲ ಕತ್ತರಿಸಿದ್ದಾಯಿತು. ಕಸಕ್ಕೆ ಹಾಕುವ ಹೊಣೆ ಕಾರ್ಯದರ್ಶಿಯದು. ಗುರುರಾಜರು ಮೆಟ್ಟಿಲ ತಿರುವಿನಲ್ಲಿ ನಿಂತರು. ಕಚೇರಿಯಿಂದ ಒಂದು ಪೆನ್ಸಿಲನ್ನೂ ಮನೆಗೆ ಒಯ್ದವರಲ್ಲ. ಆಚೀಚೆ ನೋಡಿ, ಎಲೆಯೊಂದಿಗೆ ಬೇರೊಡೆಯುವ ಗಂಟೂ ಉಳಿದಿದ್ದ ಕಾಂಡದ ತುಂಡೊಂದನ್ನು ಅಂಗಿಯೊಳಗೆ ತುರುಕಿದರು. ರಸ ತಾಗಿ ಹೊಟ್ಟೆಯೆಲ್ಲ ತುರಿಸತೊಡಗಿತು. ಕೆರೆದುಕೊಳ್ಳುತ್ತಲೇ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ತಪ್ಪಾತು," ಎಂದು ಅದನ್ನು ಹೊರತೆಗೆದರು.

ಸಂಪದಾ ತುಂಡನ್ನು ನೋಡಿದರು, ಕೆಂಪಗೆ ಉಬ್ಬಿದ ಹೊಟ್ಟೆಯನ್ನು ನೋಡಿದರು, ನಕ್ಕುಬಿಟ್ಟರು. ತುಂಡು ಉಪ್ಪಿನಕಾಯಿ ಭರಣಿಯ ನೀರಿಗೆ ಇಳಿಯಿತು.

ಪಡಸಾಲೆಯ ಬಿಳಿ ಎಲೆಗಳು ಕಂದಿ, ಒಣಗಿ ಉದುರಿದವು. ಕುಂಡದಲ್ಲಿ ಒಂದು ಕಡ್ಡಿ ಉಳಿಯಿತು. ಸಮಿತಿ ಅದನ್ನು ಪರಿಶೀಲಿಸಿ, ಗಿಡಕ್ಕೆ ಯಾವ ರೋಗವೂ ಇಲ್ಲ, ಹುಳ ಬಿದ್ದಿಲ್ಲ, ನೀರು ಕೇಳುವುದಿಲ್ಲ, ಎಲೆ ಉದುರುವ ಭಯವಂತೂ ಪೂರ್ತಿ ನಿವಾರಣೆಯಾಗಿದೆ ಎಂದು ತೃಪ್ತಿ ವ್ಯಕ್ತಪಡಿಸಿ, ಕಾರ್ಯದರ್ಶಿಗೆ ಉತ್ತಮ ನಿರ್ವಹಣೆಯ ಬಹುಮಾನ ಘೋಷಿಸಿತು. ಇತ್ತ ಅಡಿಗೆಮನೆಯಲ್ಲಿ ಭರಣಿಯಿಂದ ಕುಂಡಕ್ಕೆ ಬಂದ ತುಂಡು, ಅರ್ಧ ಹಸಿರು ಅರ್ಧ ಬಿಳಿಯ ಎಲೆಗಳನ್ನು ಬಿಚ್ಚುತ್ತ ಕಿಟಕಿ ಮುಚ್ಚುವಷ್ಟು ಬೆಳೆಯಿತು.

ಬಹುಮಾನದ ಫಲಕ ಕೊಡಲು ಬಂದ ಅಮರಯ್ಯನವರು ನೀರು ಕುಡಿಯಲೆಂದು ನೇರ ಅಡಿಗೆಮನೆಗೇ ನುಗ್ಗಿದರು.

"ಏನ್ರಿ ಇದು?"

ಸಮಿತಿಗೆ ಇನ್ನೊಂದು ಗಿಡ ಸಿಕ್ಕರೆ ಏನಾಗುವುದೆಂದು ಗುರುರಾಜರಿಗೆ ಗೊತ್ತಿತ್ತು.

"ಪುಂಡಿಪಲ್ಲೆರಿ," ಎಂದು ಬಾಯಿಗೆ ಬಂದ ಹುಳಿಸೊಪ್ಪಿನ ಹೆಸರು ಹೇಳಿಬಿಟ್ಟರು.

"ಗೋಂಗೂರ?"

"ಹೌದ್ರಿ," ಎಂದರು ಸಂಪದಾ, ಮುಖ ಅಲುಗಿಸದೆ. "ಜವಾರಿ."

ಅಮರಯ್ಯನವರು ತಟ್ಟೆಯಗಲದ ಎಲೆಯನ್ನು ಸವರಿದರು. "ಜವಾರಿ, ಅದಕ್ಕ ಎಲಿ ಇಷ್ಟು ದೊಡ್ಡದೈತಿ. ಆತು, ಕಾಯಿಪಲ್ಲೆ ಸಮಿತಿ ವ್ಯಾಪ್ತಿಗೆ ಬರಂಗಿಲ್ಲ." ಇಬ್ಬರೂ ಉಸಿರು ಬಿಡುವಷ್ಟರಲ್ಲಿ, "ಚಟ್ನಿಗೆ ಒಂದು ಸಿವುಡು ಕೊಡ್ರಿ," ಎಂದರು.

ಸಂಪದಾ ಗಿಡದ ಹಿಂದೆ ಸರಿದು, ಬೆಳಿಗ್ಗೆ ಬಜಾರದಿಂದ ತಂದಿದ್ದ ಪುಂಡಿಪಲ್ಲೆಯ ಸಿವುಡನ್ನು ತಂದುಕೊಟ್ಟರು. ಮನೆಯಲ್ಲೇ ಬೆಳೆದದ್ದರ ರುಚಿಯೇ ಬೇರೆ ಎಂದು ಅಧ್ಯಕ್ಷರು ಮರುದಿನ ಲಿಫ್ಟಿನ ಬಾಗಿಲಲ್ಲಿ ನಿಂತು ಸಾರಿದರು. ಸಾಲು ನಿಂತಿತು.

ಈಗ ಪ್ರತಿ ಭಾನುವಾರ ಗುರುರಾಜರು ನಸುಕಿನಲ್ಲೇ ಬಜಾರಕ್ಕೆ ಹೋಗಿ ಚೀಲದ ತುಂಬ ಪುಂಡಿ ತಂದು, ಇಸ್ತ್ರಿ ಅಂಗಿ ತೊಟ್ಟು ಮೇಜಿನ ಹಿಂದೆ ಕೂತು ಹಂಚುತ್ತಾರೆ. ಮಾನ್‌ಸ್ಟೆರಾ ಸೂರು ಮುಟ್ಟಿದೆ. ಬಂದವರು ತಲೆಯೆತ್ತಿ ನೋಡಿ, "ಪುಂಡಿ ಚಲೋ ಬಂದೈತ್ರಿ," ಎನ್ನುತ್ತಾರೆ. ಇಷ್ಟು ಹಂಚಿದರೂ ಗಿಡದಲ್ಲಿ ಒಂದು ಎಲೆಯೂ ಕಡಿಮೆಯಾಗಿಲ್ಲ ಎಂಬುದನ್ನು ಸಂಘ ಗಮನಿಸಿದೆ. ಅದು ಸಮರ್ಥ ಆಡಳಿತದ ಫಲವೆಂದು ಸರ್ವಾನುಮತದಿಂದ ಒಪ್ಪಿಕೊಂಡಿದೆ.