ಬಾಯಿ ಮುಚ್ಚಿದ ಹರುಮನ ರಣಘೋಷ

ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ದಕ್ಷಿಣ ಭಾಗದಲ್ಲಿ, ಬೆಂಗಳೂರೆಂಬ ಮಹಾಪಟ್ಟಣದ ಶ್ರೀರಾಮಪುರದಲ್ಲಿ, ಪ್ಲೈವುಡ್ ಅಂಗಡಿಯೊಂದರ ನೆತ್ತಿಯ ಮೇಲೆ ನೆಲೆಗೊಂಡ ಡಬ್ಬಿಂಗ್ ಸ್ಟುಡಿಯೋಕ್ಕೆ, ಆಷಾಢ ಬಹುಳ ಪಂಚಮಿಯ ಬೆಳಿಗ್ಗೆ, ವಾಮನಮೂರ್ತಿಗಳು ಹರಿಪಾದ ಸೇರಿದರೆಂಬ ವಾರ್ತೆ ಬಂದು ಮುಟ್ಟಿತು. ವಿಘ್ನರಾಜನಿಗೆ ಕೈಮುಗಿದು, ವಾಗ್ದೇವಿಯ ಪಾದಕ್ಕೆ ತಲೆಬಾಗಿ, ಈ ಕಥೆಯ ಮೊದಲಲ್ಲಿ ಆ ಪುಣ್ಯಾತ್ಮರ ಕಂಠವನ್ನು ಸ್ಮರಿಸುತ್ತೇವೆ.

ಆ ಕಂಠವಾದರೋ ಮೇಘಗಂಭೀರವಾದದ್ದು, ದಾನವಹೃದಯವಿದಾರಕವಾದದ್ದು, ಭಾನುವಾರ ಬೆಳಗಿನ ಎಣ್ಣೆಸ್ನಾನವನ್ನು ನಡುವೆಯೇ ಬಿಟ್ಟು ಕನ್ನಡನಾಡಿನ ಬಾಲಕರು ಟೀವಿಯ ಮುಂದೆ ಓಡಿಬರುವಂತೆ ಮಾಡಿದ್ದು. ಇಪ್ಪತ್ತು ವರ್ಷಗಳ ಹಿಂದೆ ‘ಸಿಡಿಲುಗತ್ತಿಯ ಹರುಮ’ ಎಂಬ ಜಪಾನೀ ಅನಿಮೆ, ಅಂದರೆ ಕಾರ್ಟೂನ್ ಸರಣಿ, ಕನ್ನಡದಲ್ಲಿ ಬಂದಾಗ, ಅದರ ನಾಯಕನಾದ ಹರುಮ ಮಾತನಾಡಿದ್ದು ಈ ಕಂಠದಿಂದ. ಕಂಠದ ಒಡೆಯರು ಮಾತ್ರ ಕುಳ್ಳಗಿನವರು, ಬೇಸಿಗೆಯಲ್ಲೂ ಮಫ್ಲರ್ ಸುತ್ತಿಕೊಳ್ಳುವವರು, ಮೈಕಿನ ಮುಂದೆ ರಾಕ್ಷಸರನ್ನು ಸೀಳಿ ಹೊರಗೆ ಬಂದು ಆಟೋದವನ ಬಳಿ ಮೀಟರ್ ಹಾಕಪ್ಪ ಎಂದು ಕೇಳಲೂ ಹಿಂಜರಿಯುವವರು.

ಆ ಕಂಠದ ಮುಕುಟಮಣಿಯೆಂದರೆ ಒಂದು ಕೂಗು. ಹರುಮನು ಕತ್ತಿಯನ್ನೆತ್ತಿ ಕುರೊಗಾನೆಯೆಂಬ ಅಸುರನ ಮೇಲೆ ನೆಗೆಯುವಾಗ ಜಪಾನಿನ ಚಿತ್ರಕಾರರು ಅವನ ಬಾಯಿಯನ್ನು ನಾಲ್ಕು ಬಾರಿ ತೆರೆಸಿದ್ದರು. ಮೂಲದ ಕಲಾವಿದ ಅಲ್ಲಿ ಮಾತನಾಡದೆ ಉಸಿರನ್ನಷ್ಟೇ ಬಿಟ್ಟಿದ್ದ. ಬಾಯಿ ಆಡುತ್ತಿದ್ದೂ ಮಾತು ಕೇಳದಿದ್ದರೆ ನಮ್ಮ ಜನ ಟೀವಿ ಕೆಟ್ಟಿತೆಂದು ಅದರ ತಲೆಗೆ ಬಡಿಯುತ್ತಾರೆ. ಆದ್ದರಿಂದ ವಾಮನಮೂರ್ತಿಗಳು ಆ ನಾಲ್ಕು ತೆರಪುಗಳಿಗೆ ನಾಲ್ಕು ಅಕ್ಷರಗಳನ್ನು ತುಂಬಿದರು: “ಬಂದೆ ತಾಳು!”

ಅಂದಿನಿಂದ ಬಾಲಕಸಮೂಹವು ಕಾಂಪೌಂಡ್ ಗೋಡೆಗಳಿಂದಲೂ ನೀರಿನ ತೊಟ್ಟಿಗಳಿಂದಲೂ ಶಾಲೆಯ ಬೆಂಚುಗಳಿಂದಲೂ ಇದೇ ಘೋಷದೊಡನೆ ಧುಮುಕಿತು. ಮೂಳೆ ಕಟ್ಟುವವರಿಗೆ ಅದು ಒಳ್ಳೆಯ ಕಾಲವಾಗಿತ್ತು.

ವಿಧಿಯ ಲೀಲೆಯನ್ನು ಏನೆಂದು ಹೇಳೋಣ. ವಾರ್ತೆ ಬಂದ ಆ ದಿನವೇ, ಜಪಾನಿನಲ್ಲಿ ಅದೇ ಕಥೆಯನ್ನು ಹೊಸದಾಗಿ ಚಿತ್ರಿಸಿದ ಸರಣಿಯ ಹರುಮನ ಮೊದಲ ಯುದ್ಧಕ್ಕೆ ಅದೇ ಸ್ಟುಡಿಯೋದಲ್ಲಿ ಕನ್ನಡದ ಧ್ವನಿ ಕೂಡಿಸಬೇಕಾಗಿತ್ತು. ಸಂಜೆಯೊಳಗೆ ಅದನ್ನು ಚಾನೆಲ್ಲಿಗೆ ಕಳಿಸಬೇಕೆಂಬುದು ರಾಜಾಜ್ಞೆ.

ಎರಡು ಹರುಮರ ತಾರತಮ್ಯವನ್ನು ಇಲ್ಲಿ ಹೇಳಲೇಬೇಕು. ಹಳೆಯ ಹರುಮನ ಕೇಶರಾಶಿಯು ಪ್ರಳಯಮಾರುತಕ್ಕೂ ಅಲುಗದು. ಅವನು ಓಡಿದನೆಂದರೆ ವಾಸ್ತವವಾಗಿ ಅವನ ಹಿಂದಿನ ಬೆಟ್ಟ ಓಡುತ್ತಿತ್ತು. ಒಂದು ಭಾನುವಾರ ನೆಗೆದವನು ನೆಲಕ್ಕಿಳಿಯಲು ಮುಂದಿನ ಭಾನುವಾರ ಬರಬೇಕಾಗಿತ್ತು. ಆ ಅವಧಿಯಲ್ಲಿ ತನ್ನ ಬಾಲ್ಯವನ್ನೂ ಗುರುವಿನ ಮರಣವನ್ನೂ ಅಂತರಿಕ್ಷದಲ್ಲಿಯೇ ನಿಂತು ಸಾವಕಾಶವಾಗಿ ನೆನೆಯುತ್ತಿದ್ದನು. ಅತ್ತರೆ ಕಣ್ಣೀರು ನಲ್ಲಿಯಂತೆ ಸುರಿಯುತ್ತಿತ್ತು. ಹೊಸ ಹರುಮನಾದರೋ ಕೂದಲೆಳೆಯೊಂದೊಂದಕ್ಕೂ ಬೇರೆ ಬೇರೆ ನೆರಳುಳ್ಳವನು, ಕೆನ್ನೆಯ ಮೇಲೆ ಎಲೆಗಳ ಬಿಸಿಲಾಡುವವನು, ಕಣ್ಣು ಮಿಟುಕಿಸುವುದರೊಳಗೆ ನೆಗೆದು ಇಳಿಯುವವನು. ಗುರು ಸತ್ತರೆ ಅವನ ರೆಪ್ಪೆ ಮಾತ್ರ ಸ್ವಲ್ಪ ನಡುಗುತ್ತದೆ. ಎಲ್ಲಕ್ಕಿಂತ ಘೋರವಾದ ವ್ಯತ್ಯಾಸವೊಂದುಂಟು. ಅಸುರನ ಮೇಲೆ ನೆಗೆಯುವಾಗ ಅವನು ತುಟಿ ಬಿಗಿದು, ಬಾಯಿ ಮುಚ್ಚಿಕೊಂಡಿರುತ್ತಾನೆ.

ಈ ಮುಚ್ಚಿದ ಬಾಯಿಯೇ ಕುರುಕ್ಷೇತ್ರವಾಯಿತು.

ಒಂದು ಪಕ್ಷದಲ್ಲಿ ಮಂದಾಕಿನಿಯಮ್ಮನವರು. ಅರವತ್ತು ದಾಟಿದ ಈ ಸಾಧ್ವಿಯು ಹಳೆಯ ಸರಣಿಯಲ್ಲಿಯೂ ಹೊಸದರಲ್ಲಿಯೂ ಹರುಮನ ಜೊತೆಯ ನರಿಮರಿಗೆ ಧ್ವನಿ ಕೊಟ್ಟವರು. ನರಿಮರಿಗೆ ಮಾತ್ರ ವಯಸ್ಸಾಗಿರಲಿಲ್ಲ. ಇನ್ನೊಂದು ಪಕ್ಷದಲ್ಲಿ ಹೊಸ ಹರುಮನಿಗೆ ಧ್ವನಿಯಾಗಲು ಆಯ್ಕೆಯಾದ ದಾವಣಗೆರೆಯ ಯುವಕ ಕಿರೀಟಿ. ಅವನಿಗೆ ನಾಯಕನ ಪಾತ್ರ ಸಿಕ್ಕಿದ್ದು ಇದೇ ಮೊದಲು. ಎರಡು ಪಕ್ಷಗಳ ನಡುವೆ ಗಾಜಿನ ಗೋಡೆಯಾಚೆ, ಕಿವಿಗೆ ಹೆಡ್‌ಫೋನ್ ಧರಿಸಿ, ಸೌಂಡ್ ಇಂಜಿನಿಯರ್ ಫಯಾಜನು ಸಂಜಯನ ಸ್ಥಾನದಲ್ಲಿ ಕುಳಿತಿದ್ದನು.

ಮೊದಲ ಬಾಣ ಅಮ್ಮನವರದು. ಯಾವ ಘೋಷವನ್ನು ಕೇಳಿ ಅಸುರರು ಆಯುಧಗಳನ್ನು ಕೆಳಗಿಟ್ಟರೋ, ಯಾವುದು ವಾಮನಮೂರ್ತಿಗಳ ದೀರ್ಘ ತಪಸ್ಸಿನಿಂದ ಧರೆಗಿಳಿಯಿತೋ, ಅದಿಲ್ಲದೆ ಹರುಮನು ನೆಗೆಯಕೂಡದು. ನೆಗೆದರೆ ತಮ್ಮ ನರಿಮರಿಯು ಈ ಕ್ಷಣದಿಂದ ಮೌನವ್ರತ ಹಿಡಿಯುವುದು ಎಂದು ಅವರು ಸಭಾಮಧ್ಯದಲ್ಲಿ ಪ್ರತಿಜ್ಞೆ ಮಾಡಿದರು. ಬಳಕೆಯ ಮಾತಿನಲ್ಲಿ ಅದು ಹೀಗೆ ಕೇಳಿಸಿತು:

“ಆ ಕೂಗಿಲ್ದೆ ಅವನು ಹರುಮನೇ ಅಲ್ಲ ಕಣಯ್ಯ. ಯಾವನೋ ಕತ್ತಿ ಹಿಡ್ಕೊಂಡು ಬಸ್ಸು ಹಿಡಿಯೋಕೆ ಓಡ್ತಿರೋ ಹಾಗಿದೆ.”

ಕಿರೀಟಿಯೂ ಧನುರ್ಧಾರಿಯೇ. ಹೊಸ ಹರುಮನ ಮೌನದಲ್ಲಿ ಹಳೆಯ ನೂರು ಕೂಗುಗಳ ತೂಕವಿದೆಯೆಂದೂ, ಬಿಗಿದ ತುಟಿಯನ್ನು ಬರೆದವರು ಏನೂ ತೋಚದೆ ಬರೆದವರಲ್ಲವೆಂದೂ, ಬೇರೆಯವರ ಘೋಷವನ್ನು ಎರವಲು ತಂದು ಗೆದ್ದ ಯುದ್ಧ ತನಗೆ ಬೇಡವೆಂದೂ ಅವನು ಮೈಕಿನ ಸ್ಟ್ಯಾಂಡ್ ಹಿಡಿದು ಸಾರಿದನು. ಕೊನೆಗೆ ಬ್ರಹ್ಮಾಸ್ತ್ರವನ್ನೇ ಬಿಟ್ಟನು.

“ಮುಚ್ಚಿರೋ ಬಾಯಿಗೆ ಕೂಗು ಹಾಕಿದ್ರೆ ಹೊಟ್ಟೆ ಗುರುಗುಟ್ಟಿದಂಗೆ ಕೇಳುತ್ತೆ ಮೇಡಂ. ಜನ ನಗ್ತಾರೆ.”

ಸೂರ್ಯನು ನೆತ್ತಿಗೆ ಬಂದನು. ಕಾಫಿಯೆಂಬ ಅಮೃತವು ಎರಡು ಬಾರಿ ಬಂದು, ಕೆನೆಗಟ್ಟಿ, ಹಾಗೆಯೇ ಹಿಂತಿರುಗಿತು. ಹಳೆಯದರಲ್ಲಿ ಅಸುರನಿಗೆ ಒಂದು ಕಂತಿನಲ್ಲಿ ಆರು ಬೆರಳು, ಇನ್ನೊಂದರಲ್ಲಿ ನಾಲ್ಕು ಇದ್ದವೆಂದು ಕಿರೀಟಿ ಆಡಿಕೊಂಡನು. ಬೆರಳು ಎಣಿಸುವವರು ಕಥೆ ನೋಡುವುದಿಲ್ಲವೆಂದು ಅಮ್ಮನವರು ತಿರುಗಿಸಿದರು. ಹಳೆಯದನ್ನು ಹೊಗಳುವವರು ಹೊಗಳುತ್ತಿರುವುದು ತಮ್ಮ ಹತ್ತು ವರ್ಷದ ವಯಸ್ಸನ್ನು ಎಂದು ಅವನು ಅಂದುಬಿಟ್ಟನು. ಆಗ ತನಗೆ ಹತ್ತು ವರ್ಷವಾಗಿರಲಿಲ್ಲ, ನಲವತ್ತಾಗಿತ್ತು, ಆದರೂ ಅದು ಚೆನ್ನಾಗಿತ್ತು ಎಂದು ಅವರೆಂದರು. ಈ ಬಾಣ ತಗುಲಿದ ಕಿರೀಟಿಯು ಮೈಕಿನ ಸ್ಟ್ಯಾಂಡನ್ನು ಕೈಬಿಟ್ಟನು.

ಗೆಲುವು ಕೈಗೆ ಬಂದಾಗ ಅಮ್ಮನವರೇಕೋ ಕುರ್ಚಿಯಲ್ಲಿ ಕುಳಿತುಬಿಟ್ಟರು. ಕೈಯಲ್ಲಿದ್ದ ಸಂಭಾಷಣೆಯ ಹಾಳೆಗಳನ್ನು ಮಡಿಲಲ್ಲಿಟ್ಟರು.

“ಹಳೇದನ್ನ ಈಗ ಯಾವ ಚಾನೆಲ್ಲೂ ಹಾಕಲ್ಲ. ಇದರಲ್ಲೂ ಇಲ್ಲ ಅಂದ್ರೆ ಅವರು ಎಲ್ಲೂ ಇಲ್ಲ. ಅಷ್ಟೇ ಕಣಪ್ಪ ನಾನು ಹೇಳ್ತಿರೋದು.”

ಕಿರೀಟಿಯು ಮೈಕಿನಿಂದ ಈಚೆಗೆ ಬಂದನು.

“ಕೂಗಲ್ಲ ಅಂತಲ್ಲ ಮೇಡಂ. ಬರ್ತಿಲ್ಲ. ಸುದ್ದಿ ಕೇಳಿದ ಮೇಲೆ ಟೆರೇಸಿಗೆ ಹೋಗಿ ಕೂಗಿ ನೋಡ್ದೆ. ‘ಬಂದೆ’ ಅಂದ್ಮೇಲೆ ‘ತಾಳು’ ಹೊರಡ್ಲೇ ಇಲ್ಲ.” ಎಡಗೈಯ ತೋಳನ್ನು ಮೇಲೆತ್ತಿ ತೋರಿಸಿದನು, ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ. “ಮಾವನ ಮನೆ ಗೋಡೆಯಿಂದ ಬಿದ್ದಿದ್ದು. ಮೂರನೇ ಕ್ಲಾಸು.”

ಹೀಗೆ ಉಭಯ ಸೇನೆಗಳೂ ಒಂದೇ ಧ್ವಜದ ಕೆಳಗೆ ನಿಂತಿದ್ದವೆಂಬುದು ಮಧ್ಯಾಹ್ನದ ಹೊತ್ತಿಗೆ ಬಯಲಾಯಿತು. ಶತ್ರುವೆಂದರೆ ಜಪಾನಿನವರು ಮುಚ್ಚಿಸಿದ ಬಾಯಿ ಮಾತ್ರ. ಅದನ್ನು ಯಾವ ವೀರನೂ ತೆರೆಯಿಸಲಾರ.

ಅಷ್ಟರಲ್ಲಿ ಗಾಜಿನಾಚೆಯಿಂದ ಫಯಾಜನು ಮೊದಲ ಬಾರಿಗೆ ಮಾತನಾಡಿದನು.

“ಇಬ್ರೂ ಸ್ವಲ್ಪ ಪರದೆ ನೋಡಿ. ನೆಗೆದ ಮೇಲೆ ಒಂದ್ಸಲ ಗಿರ್ರಂತ ತಿರುಗ್ತಾನೆ. ಅಲ್ಲಿ ಬೆನ್ನು ಕಾಣುತ್ತೆ.”

ಈ ಕಸುಬಿನವರಿಗೆ ಬೆನ್ನೆಂದರೆ ವರಪ್ರಸಾದ. ಮುಖ ಕಾಣುವಾಗ ತುಟಿಗೆ ತಕ್ಕ ಮಾತನ್ನೇ ಕೂಡಿಸಬೇಕು. ಪಾತ್ರವು ಬೆನ್ನು ತಿರುಗಿಸಿತೆಂದರೆ ಯಾವ ಮಾತನ್ನು ಬೇಕಾದರೂ ಅದರ ಬೆನ್ನಿಗೆ ಹೊರಿಸಬಹುದು. ತುಟಿ ಸಾಕ್ಷಿ ಹೇಳುವುದಿಲ್ಲ. ಆಧುನಿಕ ಹರುಮನ ಬೆನ್ನು ರೆಪ್ಪೆ ಬಡಿಯುವಷ್ಟು ಹೊತ್ತು ಕಾಣುತ್ತಿತ್ತು. ಮೂವರೂ ಆ ಬೆನ್ನನ್ನು ಹಿಂದೆ ಮುಂದೆ ಓಡಿಸಿ ಓಡಿಸಿ ನೋಡಿದರು. ನಾಲ್ಕಕ್ಷರ ಅಲ್ಲಿ ಹಿಡಿಯುತ್ತದೆ ಎಂದು ಫಯಾಜನು ತೀರ್ಪಿತ್ತನು.

ಕೂಗುವವರಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಸ್ಟುಡಿಯೋದ ಹಳೆಯ ಹಾರ್ಡ್ ಡಿಸ್ಕ್ ಒಂದರಿಂದ ಫಯಾಜನು ಆ ನಾಲ್ಕು ಅಕ್ಷರಗಳನ್ನು ಹುಡುಕಿ ತೆಗೆದನು. ಮಂದಾಕಿನಿಯಮ್ಮ, ಗರ್ಭಗುಡಿಯ ಮುಂದೆ ಮಂಗಳಾರತಿಯ ಹೊತ್ತಿನಲ್ಲಿ ಮಾಡುವಂತೆ, ಸೆರಗನ್ನು ಭುಜದ ಸುತ್ತ ಹೊದ್ದುಕೊಂಡರು. ಸ್ಪೀಕರಿನಿಂದ ವಾಮನಮೂರ್ತಿಗಳು ಕೂಗಿದರು. ಹಿಂದೆ ಆ ಕಾಲದ ಫ್ಯಾನಿನ ಸದ್ದೂ ಇತ್ತು. ಇನ್ನೊಮ್ಮೆ ಹಾಕು ಎಂದು ಕಿರೀಟಿ ಕೇಳಿದನು.

ಆಮೇಲೆ ಅದರ ಮೇಲೆ ಗುಡುಗು ಬಂದಿತು. ಗುಡುಗಿನ ಮೇಲೆ ತಮಟೆ, ತಮಟೆಯ ಮೇಲೆ ಅಸುರನ ಆರ್ಭಟ, ಅದರ ಮೇಲೆ ಕತ್ತಿಯ ಝಣತ್ಕಾರ. ಚಾನೆಲ್ಲಿನ ಪರೀಕ್ಷಕರು ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ಅವರಿಗೆ ಅದು ಕೇಳಿಸಿರಲಿಲ್ಲ.

ವೈಕುಂಠ ಸಮಾರಾಧನೆ ಕಳೆದ ಮೇಲಿನ ಭಾನುವಾರ ಹೊಸ ಹರುಮನು ಕನ್ನಡನಾಡಿನಲ್ಲಿ ಅವತರಿಸಿದನು. ಮಂದಾಕಿನಿಯಮ್ಮನೂ ಕಿರೀಟಿಯೂ ಮೂಸಂಬಿ ಹಿಡಿದುಕೊಂಡು ಗಾಯತ್ರಿನಗರದಲ್ಲಿರುವ ವಾಮನಮೂರ್ತಿಗಳ ಮನೆಗೆ ಹೋದರು. ಅವರ ಪತ್ನಿ ವನಜಾಕ್ಷಮ್ಮನವರು ಟೀವಿ ಹಾಕಿಕೊಟ್ಟು, ತಾವು ಊಟದ ಮೇಜಿನ ಬಳಿ ಮೊರವಿಟ್ಟುಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತರು. ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬಂದವರು ಅವರಿಗೆ ಏನನ್ನೂ ಮುಂಚಿತವಾಗಿ ತಿಳಿಸಲಿಲ್ಲ. ಕೂಗು ಬಂದಾಗ ಅವರ ಮುಖವನ್ನು ನೋಡಬೇಕೆಂಬುದೇ ಆ ಇಬ್ಬರು ಮಹಾರಥಿಗಳ ಅಭಿಲಾಷೆಯಾಗಿತ್ತು.

ಮೇಘಗಳು ಒಡೆದವು. ಹರುಮನು ತುಟಿ ಬಿಗಿದು ನೆಗೆದನು. ತಿರುಗಿದನು. ಬೆನ್ನು ಕಂಡಿತು. ಗುಡುಗು, ತಮಟೆ, ಆರ್ಭಟಗಳ ಅಡಿಯಿಂದ, ಕೇಳಬೇಕೆಂದು ಕಿವಿಗೊಟ್ಟು ಕುಳಿತವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಆ ಘೋಷ ಹಾದುಹೋಯಿತು.

ವನಜಾಕ್ಷಮ್ಮ ಮೊರದಿಂದ ತಲೆಯೆತ್ತಲಿಲ್ಲ.

“ಹೂಂ, ಬರ್ತೀರ,” ಎಂದರು. “ಸಾರು ಆರಿ ತಣ್ಣಗಾದ ಮೇಲೆ.”

ಅವರ ಕೈ ಅಲ್ಲಿಯೇ ನಿಂತಿತು. ಅವರು ಟೀವಿಯನ್ನು ನೋಡಿದರು, ಆಮೇಲೆ ಒಳಕೋಣೆಯ ಬಾಗಿಲನ್ನು ನೋಡಿದರು, ಆಮೇಲೆ ಬಂದವರನ್ನು. ಹುರುಳಿಕಾಯಿಯನ್ನು ಮತ್ತೆ ಕೈಗೆತ್ತಿಕೊಂಡರು.

“ಮದುವೆ ಆದಾಗಿನಿಂದ ಇದೊಂದೇ ಮಾತು. ತಟ್ಟೆ ಹಾಕಿ ಕರೆದ್ರೆ, ಬಂದೆ ತಾಳು. ಒಂದು ದಿನ ಬಿಸಿ ಅನ್ನ ತಿಂದವರಲ್ಲ.”

ಅಸುರಕುಲಾಂತಕವಾದ ಆ ಮಹಾಮಂತ್ರವು ಯಾವ ತಪಸ್ಸಿನಲ್ಲಿ ಹುಟ್ಟಿತೆಂಬುದು ಹೀಗೆ ತಿಳಿಯಿತು. ಮಂದಾಕಿನಿಯಮ್ಮ ಮೂಗನ್ನು ಒರೆಸಿಕೊಂಡು, ಯುದ್ಧದ ಫಲವನ್ನಾದರೂ ಇತ್ಯರ್ಥ ಮಾಡಿಕೊಳ್ಳೋಣವೆಂದು, ಹಳೆಯ ಹರುಮ ಮೇಲೋ ಹೊಸಬನೋ ನೀವೇ ಹೇಳಿ ಎಂದು ಕೇಳಿದರು.

“ಹಳೇದನ್ನ ನಾನೆಲ್ಲಿ ನೋಡ್ದೆ ಮಂದಾಕಿನಿ? ಭಾನುವಾರ ಬೆಳಿಗ್ಗೆ ಮನೆ ತುಂಬ ಜನ. ನಾನು ಅಡುಗೆಮನೇಲಿ ಇರ್ತಿದ್ದೆ.” ಪರದೆಯ ಮೇಲೆ ಕತ್ತಿ ಒರೆಸಿಕೊಳ್ಳುತ್ತಿದ್ದ ಹರುಮನ ಕಡೆ ಒಮ್ಮೆ ಕಣ್ಣು ಹಾಯಿಸಿದರು. “ಈ ಹುಡುಗ ಪಾಪ ತೆಳ್ಳಗಿದಾನೆ. ಏಳಿ, ಕೈ ತೊಳ್ಕೊಳಿ, ಬಡಿಸ್ತೀನಿ.”

ಮಹಾರಥಿಗಳಿಬ್ಬರೂ ಕೂಡಲೇ ಎದ್ದು ಕೈ ತೊಳೆದುಕೊಂಡರು. ಅನ್ನದಿಂದ ಹಬೆಯೇಳುತ್ತಿತ್ತು. ಕಿರೀಟಿಗೆ ನಾಲಗೆ ಸುಟ್ಟಿತು.

ಹೇ ಶ್ರೀಮನ್ನಾರಾಯಣ, ಮನೆಯವರು ಕರೆದಾಗಲೆಲ್ಲ ತಡಮಾಡಿ, ನೀನು ಕರೆದಾಗ ಮಾತ್ರ ತಡಮಾಡದೆ ಹೊರಟುಬಂದ ಆ ಜೀವವನ್ನು ನಿನ್ನ ಪಾದದ ಬಳಿ ಇರಿಸಿಕೋ. ಅವರ ಕಂಠಕ್ಕೆ ವಿಶ್ರಾಂತಿಯನ್ನು ಕೊಡು, ಅವರನ್ನು ಕರೆದು ಕರೆದು ಅಭ್ಯಾಸವಾದ ಆ ತಾಯಿಗೆ ಧೈರ್ಯವನ್ನು ಕೊಡು, ವಾಮನಮೂರ್ತಿಗಳ ಆತ್ಮಕ್ಕೆ ಶಾಂತಿಯನ್ನು ಕೊಡು.