ಬೆಲ್ಮಿರೊನ ಭಾನುವಾರದ ಮೀನು

"ಈ ಭಾನುವಾರ ಮೀನು ನಾನು ಮಾಡ್ತೀನಿ. ನೀನು ಅಡುಗೆಮನೆ ಕಡೆ ತಲೆ ಹಾಕಿ ಮಲಗಲೂ ಬೇಡ!"

ಪೋರ್ಚುಗಲ್ಲಿನ ಆ ಪುಟ್ಟ ಊರಿನ ದರ್ಜಿ ಬೆಲ್ಮಿರೊ ಹೀಗೆ ಘೋಷಿಸಿದಾಗ ಹೆಂಡತಿ ದೆಲ್ಫಿನಾ ಹುಬ್ಬೇರಿಸಿದಳು. "ಮೀನು ಅಂದ್ರೆ ಪ್ಯಾಂಟ್ ಅಲ್ಲ ಕಣ್ರೀ, ಕೆಟ್ಟರೆ ಬಿಚ್ಚಿ ಹೊಲಿಯೋಕೆ."

ಇಷ್ಟಕ್ಕೂ ಕಾರಣ ಬೇಕರಿಯ ಜೆಫೆರಿನೊ. ಹಿಂದಿನ ವಾರ ಚರ್ಚಿನ ಊಟಕ್ಕೆ ಅವನು ಉಪ್ಪುಮೀನು ಬೇಯಿಸಿ ತಂದಿದ್ದ. ಮೇಲೆ ಮೆಕ್ಕೆಜೋಳದ ಬ್ರೆಡ್ಡಿನ ಪುಡಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಬೆರೆತ ಗರಿಗರಿ ಪದರ. ಅಂದಿನಿಂದ ದೆಲ್ಫಿನಾಳ ಬಾಯಲ್ಲಿ ಅದೇ ಜಪ. "ಏನ್ ಹದ ರೀ! ಕೈಗುಣ ಅಂದ್ರೆ ಅದು." ಕೇಳಿ ಕೇಳಿ ಬೆಲ್ಮಿರೊಗೆ ಹೊಟ್ಟೆ ಉರಿದುಹೋಯಿತು. ಕಟ್ಟಿಕೊಂಡ ಗಂಡನನ್ನು ಒಂದು ದಿನವಾದರೂ ಹೀಗೆ ಹೊಗಳಿದ್ದಾಳೆಯೇ? 'ಜೆಫೆರಿನೊನದ್ದಕ್ಕಿಂತ ನಿಮ್ಮದೇ ಚೆನ್ನಾಗಿದೆ' ಎಂದು ಅವಳ ಬಾಯಿಂದಲೇ ಹೇಳಿಸದಿದ್ದರೆ ಅವನ ಹೆಸರು ಬೆಲ್ಮಿರೊ ಅಲ್ಲ.

ಉಪ್ಪು ಬಿಡಲೆಂದು ಶುಕ್ರವಾರವೇ ಒಣ ಉಪ್ಪುಮೀನನ್ನು ನೀರಿಗೆ ಹಾಕಿದ. ದೆಲ್ಫಿನಾ ಅತ್ತ ಇಣುಕಿ, "ರೀ, ಆ ನೀರು..." ಎಂದು ಬಾಯಿ ತೆರೆದಳು.

"ನಂಗೆ ಪಾಠ ಹೇಳ್ಬೇಡ."

ಅವಳು ಸುಮ್ಮನಾದಳು. ಅವಳು ಸುಮ್ಮನಾದಳೆಂದರೆ ಹೆದರಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

ಭಾನುವಾರ ಇಡೀ ಬೀದಿಯ ಮಣ್ಣಿನ ತಟ್ಟೆಗಳು ಬೇಯಲು ಹೋಗುವುದು ಬೇಕರಿಯ ಸೌದೆ ಒಲೆಗೇ. ವೈರಿಯ ಒಲೆ! ಬೆಲ್ಮಿರೊ ಹಲ್ಲು ಕಚ್ಚಿಕೊಂಡು ತನ್ನ ತಟ್ಟೆ ಕೊಟ್ಟ.

"ಗುರುತಿಗೆ ಮೇಲೊಂದು ಆಲಿವ್ ಕಾಯಿ ಇಡಪ್ಪಾ, ಎಲ್ಲಾ ತಟ್ಟೆನೂ ಒಂದೇ ಥರ ಇರ್ತವೆ" ಎಂದ ಜೆಫೆರಿನೊ.

"ನನ್ನ ಮೀನಿಗೆ ಗುರುತು ಬೇರೆ ಕೇಡು."

ಮಧ್ಯಾಹ್ನ ಹೋದಾಗ ಜೆಫೆರಿನೊ ಮುಂದುಗಡೆ ಬ್ರೆಡ್ ಮಾರುತ್ತಿದ್ದ. ಬೆಲ್ಮಿರೊ ತಾನೇ ಒಳಗೆ ನುಗ್ಗಿದ. ಆಲಿವ್ ಇಲ್ಲದ ತಟ್ಟೆಗಳು ಎರಡಿದ್ದವು. ಒಂದು ಬಿಳಿಚಿಕೊಂಡಿತ್ತು, ಇನ್ನೊಂದು ಹೊಂಬಣ್ಣಕ್ಕೆ ತಿರುಗಿ ಘಮಘಮಿಸುತ್ತಿತ್ತು. ತನ್ನದು ಯಾವುದೆಂದು ಯೋಚಿಸಬೇಕೇ? ಹೊಂಬಣ್ಣದ್ದನ್ನೇ ಎತ್ತಿಕೊಂಡು ಬಂದ.

ಹೆಂಡತಿಗೆ ಬಡಿಸುವಷ್ಟೂ ತಾಳ್ಮೆಯಿಲ್ಲದೆ ಮೊದಲ ತುತ್ತು ತಾನೇ ಬಾಯಿಗಿಟ್ಟ.

"ಉಪ್ಪು ನೋಡು, ಅಳೆದು ಹಾಕಿದ ಹಾಗಿದೆ! ಮೇಲಿನ ಪದರ ನೋಡು! ಜೆಫೆರಿನೊ ತಲೆಕೆಳಗಾಗಿ ನಿಂತ್ರೂ ಇದು ಬರಲ್ಲ. ಹೇಳು, ಅವನದ್ದು ಚೆನ್ನಾಗಿತ್ತೋ, ಇದೋ?"

"ಇದೇ" ಎಂದಳು ದೆಲ್ಫಿನಾ, ನಗು ತಡೆದುಕೊಂಡು.

ಬೆಲ್ಮಿರೊನ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು. ಅಷ್ಟರಲ್ಲಿ ಜೆಫೆರಿನೊ ಒಂದು ತಟ್ಟೆ ಹಿಡಿದು ಬಾಗಿಲಿಗೆ ಬಂದ.

"ನಿಂದು ಅಲ್ಲೇ ಉಳ್ಕೊಂಡಿತ್ತಲ್ಲೋ ಬೆಲ್ಮಿರೊ. ನೀನು ಎತ್ಕೊಂಡು ಬಂದಿರೋದು ದೆಲ್ಫಿನಕ್ಕ ಬೆಳಿಗ್ಗೆ ಇಟ್ಟುಹೋಗಿದ್ದು."

ಅವನು ಅತ್ತ ಹೋದದ್ದೇ ತಡ, ಬೆಲ್ಮಿರೊ ತನ್ನ ತಟ್ಟೆಯಿಂದ ಒಂದು ತುಣುಕು ಬಾಯಿಗೆ ಹಾಕಿದ. ಇಡೀ ಸಮುದ್ರವೇ ಬಾಯೊಳಗೆ ಬಂದಂತಾಗಿ, ನೀರಿನ ಹೂಜಿಯನ್ನೇ ಎತ್ತಿ ಗಟಗಟ ಕುಡಿದ.

"ಎರಡು ದಿನ ನೆನೆಸಿದ್ದೆನಲ್ಲೇ!"

"ಒಂದೇ ನೀರಲ್ಲಿ. ನೀರು ಬದಲಾಯಿಸದಿದ್ರೆ ಉಪ್ಪು ಹೋಗೋದಾದ್ರೂ ಎಲ್ಲಿಗೆ? ಭಾನುವಾರ ಉಪವಾಸ ಬೇಡ ಅಂತ ನಾನೊಂದು ತಟ್ಟೆ ಮಾಡಿಟ್ಟೆ."

"ಹಾಗಾದ್ರೆ ನಾನು ಇಷ್ಟು ಹೊತ್ತು ಹೊಗಳಿದ್ದು..."

"ನನ್ನ ಅಡುಗೇನ" ಎಂದಳು ದೆಲ್ಫಿನಾ, ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಮದುವೆಯಾದಾಗಿಂದ ಇದೇ ಮೊದಲನೇ ಸಲ ರೀ. ಅದೂ, ನೀವೇ ಮಾಡಿದ್ದು ಅಂದ್ಕೊಂಡು."