ಗೋಧಿ ಅಂಗಡಿಯ ಸೊಸೆಗೆ ಗೋಧಿ ಆಗಿಬರದು

ಯಾರ ಮನೆಗೆ ಊಟಕ್ಕೆ ಹೋದರೂ ತಾಟಿಗೆ ಬಡಿಸುವ ಮೊದಲು ನನ್ನ ಹೊಟ್ಟೆಯ ವಿಚಾರಣೆ ನಡೆಯುತ್ತದೆ. ಆ ವಿಚಾರಣೆಯಲ್ಲಿ ಒಂದಾದರೂ ಫಜೀತಿ ಆಗದೆ ನಾನು ಕೈ ತೊಳೆದದ್ದೇ ಇಲ್ಲ.

ನಾನು ಗಡಿಯಾಚೆ ನಿಲಂಗಾ ಕಡೆಯ ಒಕ್ಕಲುತನದ ಮನೆಯ ಮಗಳು. ಕೊಟ್ಟದ್ದು ಉದಗೀರದ ಕಾಳಿನ ವ್ಯಾಪಾರದ ಮನೆಗೆ. ನಮ್ಮವರ ಅಂಗಡಿಯಲ್ಲಿ ಹೆಚ್ಚಿನ ಮಾಲು ಗೋಧಿಯೇ. ಮದುವೆಯಾಗಿ ವರ್ಷಗಳು ಕಳೆದರೂ ತಿಂದದ್ದು ನನ್ನ ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಭೇದಿ, ಮೈಯಲ್ಲಿ ರಕ್ತವಿಲ್ಲ. ಎರಡು ಸಲ ಬಸಿರು ನಿಂತು ಜಾರಿಹೋಯಿತು. ಕೊನೆಗೆ ಲಾತೂರದ ಡಾಕ್ಟರೊಬ್ಬರು ರಕ್ತ ತಪಾಸಣೆ ಮಾಡಿಸಿ, ಇದಕ್ಕೆ ಸೀಲಿಯಾಕ್ ಅನ್ನುತ್ತಾರೆ ಎಂದರು. ಜನ್ಮಪೂರ್ತಿ ಗೋಧಿ ಬಿಟ್ಟರೆ ಕರುಳು ಮಾಯುತ್ತದೆ, ರಕ್ತ ಏರುತ್ತದೆ, ಕೂಸು ನಿಲ್ಲುವ ಆಸೆಯೂ ಇದೆ ಎಂದರು. ನನಗೆ ಬೇಕಾದದ್ದು ಆ ಕೂಸೊಂದೇ.

೧. ಯಾವ ಗೋಧಿ?

ಡಾಕ್ಟರು ಬೀದರ ಕಡೆಯವರು, ನಮ್ಮ ಕನ್ನಡದಲ್ಲೇ ತಿಳಿಸಿ ಹೇಳಿದರು. ಚಪಾತಿ, ರವಾ, ಮೈದಾ, ಶ್ಯಾವಿಗೆ, ಜವೆಗೋಧಿ ಯಾವುದೂ ಬೇಡ. ಜೋಳ, ಅಕ್ಕಿ, ಮೆಕ್ಕೆಜೋಳ ನಡೆಯುತ್ತದೆ. ನಮ್ಮವರು ಕೈ ಕಟ್ಟಿಕೊಂಡು ಕೇಳಿ, ಗಂಭೀರವಾಗಿ ವಿಚಾರಿಸಿದರು: "ಯಾವ ಗೋಧಿ ಆಗಂಗಿಲ್ರಿ, ಸಾಹೇಬ್ರ? ಲೋಕವನ್ ತಳಿನೋ, ಶರಬತಿನೋ? ಮಧ್ಯಪ್ರದೇಶದಿಂದ ಒಂದನೇ ನಂಬರ್ ಮಾಲ್ ತರಸ್ತೀನಿ."

"ಶೇಟಜಿ, ಬಂಗಾರದಂಥ ಗೋಧಿ ತಂದ್ರೂ ಆಗಂಗಿಲ್ಲ."

"ಅಂದ್ರ ಅಲರ್ಜಿ? ನನಗ ಹಾಲು ಆಗಂಗಿಲ್ಲ, ಹಂಗೇನ್ರಿ?"

"ಅಲ್ರಿ. ಶೇಂಗಾದ ಅಲರ್ಜಿ ಇದ್ದವರು ಒಂದು ಕಾಳು ತಿಂದ್ರ ಅಲ್ಲೇ ತುಟಿ ಬಾಯ್ತದ, ಉಸರು ಹಿಡೀತದ, ಜೀವಕ್ಕ ಬರ್ತದ. ನಿಮಗ ಹಾಲು ಆಗಂಗಿಲ್ಲ ಅಂದ್ರೆಲ್ಲ, ಅದು ಬ್ಯಾರೆ. ಹಾಲು ಅರಗಸೋ ತಾಕತ್ತು ನಿಮ್ಮ ಹೊಟ್ಯಾಗ ಕಮ್ಮಿ ಅದ. ಗುಡುಗುಡು ಅಂತದ, ತ್ರಾಸ ಆಗ್ತದ, ಆದ್ರ ಕರುಳು ಕೆಡಂಗಿಲ್ಲ. ಇವರದು ಎರಡೂ ಅಲ್ಲ. ಇವರ ಮೈಯಾಗಿನ ಕಾವಲಿನವರು ಗೋಧಿ ಒಳಗ ಬಂದ ಕೂಡ್ಲೆ ತಮ್ಮ ಮನಿ ಗ್ವಾಡಿ ತಾವೇ ಕೆಡವಲತ್ತಾರ. ಒಂದು ಚೂರು ಹೋದ್ರೂ ಸಾಕು. ಹೊರಗ ಒಮ್ಮೊಮ್ಮೆ ಏನೂ ಕಾಣಂಗಿಲ್ಲ."

ನಾನು ಬೆರಗಾಗಿ ಕುಳಿತೆ. ಇಷ್ಟು ವರ್ಷ ನನ್ನ ಹೊಟ್ಟೆಯೊಳಗೇ ಇಂಥ ಕಾಳಗ ನಡೆದಿತ್ತು, ನಾನು ಮಾತ್ರ ಅಜೀರ್ಣ ಅಂತ ಓಮಿನಕಾಳು ಅಗಿಯುತ್ತಿದ್ದೆ. ನಮ್ಮವರ ಮುಖ ಅರಳಿತು.

"ಅಂದ್ರ ನಮ್ಮ ಮಾಲಿಂದು ತಪ್ಪಿಲ್ಲ!"

೨. ಉಸಿರು ಹಿಡಿ, ದಾಟು

ಮನೆಗೆ ಬಂದು ನಮ್ಮವರು ಎಲ್ಲವನ್ನೂ ಅತ್ತೆಗೆ ಹೇಳಿದರು. ಅತ್ತೆಯ ತಲೆಯಲ್ಲಿ ಉಳಿದದ್ದು ಶೇಂಗಾದವರ ಕಥೆಯೊಂದೇ. ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಹೊರಗೆ ಹೋಗಬೇಕೆಂದರೆ ಗೋಧಿ ಚೀಲಗಳ ನಡುವೆಯೇ ದಾರಿ. ಮರುದಿನದಿಂದ ನಾನು ಹೊರಟರೆ ಸಾಕು, ಅತ್ತೆ ಸೆರಗಿನಿಂದ ನನ್ನ ಮೂಗು ಮುಚ್ಚಿ, "ಉಸರು ಹಿಡಿ! ಹಾಂ, ದಾಟು ದಾಟು!" ಎಂದು ಓಡಿಸುತ್ತಿದ್ದರು. ಚೀಲ ಹೊತ್ತ ಹಮಾಲರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಆ ಚೀಲದ ಮೇಲೆ ಹಾಸಿಗೆ ಹಾಸಿ ಮಲಗಿದರೂ ನನಗೆ ಏನೂ ಆಗದು, ಬಾಯಿಗೆ ಹೋದರಷ್ಟೇ ಕೇಡು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಅದೇ ಅತ್ತೆ ಊಟಕ್ಕೆ ಕುಳಿತಾಗ ಚಪಾತಿ ಮುರಿದ ಕೈಯಿಂದಲೇ ನನ್ನ ಪಲ್ಯದ ಬಟ್ಟಲಲ್ಲಿ ಒಂದು ತುತ್ತು ಅದ್ದಿ ಉಪ್ಪು ನೋಡಿದರು.

"ಅತ್ತೀ, ಚೂರು ಬಿತ್ತಲ್ರಿ!"

"ಬಿದ್ರ ಬೀಳವಲ್ದ್ಯಾಕ? ಅದು ಚಪಾತಿದು, ಚೀಲದ್ದಲ್ಲ."

೩. ಉಮರ್ಗಾದ ಶಿರಾ

ನಮ್ಮವರ ಸೋದರತ್ತೆ ಉಮರ್ಗಾದಲ್ಲಿ ಇರುತ್ತಾರೆ. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು. ಅವರ ಮನೆಗೆ ಹೋದಾಗ ತುಪ್ಪ ಸುರಿದ ರವಾದ ಶಿರಾ ತಂದಿಟ್ಟರು. ಬೇಡ, ಇದು ಗೋಧಿ ಎಂದೆ.

"ಗೋಧಿ ಹ್ಯಾಂಗ ಆಗ್ತದ? ಗೋಧಿ ಕೆಂಪಗ ಇರ್ತದ, ರವಾ ಬೆಳ್ಳಗದ. ನಮ್ಮ ಬಾಜೂ ಮನಿ ಹುಡುಗಗ ತತ್ತಿ ಆಗಂಗಿಲ್ಲ. ತಿಂದ ಕೂಡ್ಲೆ ಮಾರಿ ಇಷ್ಟು ಬಾತಿತ್ತು. ನೀ ಒಂದು ಚಮಚ ತಿನ್ನು, ನಾ ನೋಡ್ತೀನಿ. ಬಾತ್ರ ಬಿಡು."

"ನನಗ ಬಾಯಂಗಿಲ್ರಿ. ಒಳಗೇ ಕೆಡ್ತದ."

"ಬಾಯಲಾರದ್ದು ಅದೆಂಥಾ ಬ್ಯಾನಿ!" ಎಂದು ಮುನಿಸಿಕೊಂಡರು. ಆದರೂ ನಾನು ಉಪವಾಸ ಹೊರಟದ್ದು ಅವರ ಕರುಳಿಗೆ ಹತ್ತಿತು. ಬಸ್ಸು ಬಿಡುವ ಹೊತ್ತಿಗೆ ಏದುಸಿರು ಬಿಡುತ್ತ ಓಡಿ ಬಂದು ಕಿಟಕಿಯಿಂದ ಬಿಸ್ಕೀಟಿನ ಪುಡೆ ತುರುಕಿದರು.

"ಇದು ತಿನ್ನವ್ವಾ, ಇದರಾಗ ಗೋಧಿ ಇಲ್ಲ. ಇದು ಫ್ಯಾಕ್ಟರಿದಾಗ ಆಗ್ತದ."

೪. ತವರಿನ ಹಿಡಿ

ತವರಿಗೆ ಹೋದರೆ ಪೂರಾ ನಿಶ್ಚಿಂತೆ ಎಂದುಕೊಂಡಿದ್ದೆ. ಅಲ್ಲಿ ಜೋಳ ಹೊಲದ್ದೇ, ಬೀಸುವ ಕಲ್ಲು ಮನೆಯದೇ. ಅವ್ವ ಬಿಸಿ ರೊಟ್ಟಿ ಬಡಿದು ಹಾಕಿದಳು. ಎಂಥ ಮೆತ್ತನೆಯ ರೊಟ್ಟಿ! ಹೊಗಳಿ ಹೊಗಳಿ ತಿಂದೆ. ರಾತ್ರಿಯೇ ಹೊಟ್ಟೆ ತಿರುವಿ, ಎರಡು ದಿನ ಹಾಸಿಗೆ ಬಿಡಲಿಲ್ಲ.

"ಅವ್ವಾ, ಖರೇ ಹೇಳು, ಏನು ಕಲಸಿದ್ದಿ?"

ನಮ್ಮ ಕಡೆ ರೊಟ್ಟಿ ದಿನದ ಊಟ, ಗೋಧಿ ಮರ್ಯಾದೆಯ ಊಟ. ಬೀಗರು ಬಂದರೆ ಚಪಾತಿ, ಅಳಿಯ ಬಂದರೆ ಹೋಳಿಗೆ. ಗಂಡನ ಮನೆಯಿಂದ ಬಂದ ಮಗಳಿಗೆ ಬರೀ ಜೋಳ ಹಾಕಲು ಅವ್ವನಿಗೆ ಮನಸ್ಸು ಬಂದಿರಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿಕೊಂಡಳು:

"ಒಂದೇ ಹಿಡಿ ಹಾಕೀನವ್ವಾ. ಅದೂ ದೇವರ ಹೆಸರು ತಗೊಂಡು ಹಾಕೀನಿ."

೫. ಅತ್ತೆಯ ಹರಕೆ

ಹೀಗೆ ಬೀಳುತ್ತ ಏಳುತ್ತ ಗೋಧಿ ನಿಜವಾಗಿ ದೂರವಾಯಿತು. ಆಮೇಲೆ ಆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಔಷಧದ ರಾಶಿ ನುಂಗಿದರೂ ಏರದ ರಕ್ತ, ಬಡವರ ಜೋಳದ ರೊಟ್ಟಿ ತಿಂದು ಏರಿತು. ಗಲ್ಲಕ್ಕೆ ಬಣ್ಣ ಬಂತು, ಬಳೆ ಬಿಗಿಯಾದವು. ಅತ್ತೆ ದಿನಾ ನನ್ನ ಮುಖ ನೋಡುತ್ತ ನೋಡುತ್ತ ಬಾಯಿಬಿಡದೆ ಬದಲಾದರು. ಹಂಚು, ಲಟ್ಟಣಿಗೆ, ಉಪ್ಪಿನ ಡಬ್ಬಿ ಎಲ್ಲ ನನಗೆ ಬೇರೆ ಇಟ್ಟರು. ಮತ್ತೆ ಬಸಿರು ನಿಂತಿತು. ಈ ಸಲ ಜಾರಲಿಲ್ಲ.

ಸೀಮಂತದ ಕುಬಸದ ದಿನ ಮನೆ ತುಂಬ ಹೆಂಗಸರು. ನಮ್ಮಲ್ಲಿ ಉಡಿ ತುಂಬುವುದು ಗೋಧಿಯಿಂದಲೇ. ಬೊಗಸೆ ತುಂಬಿಕೊಂಡ ಒಬ್ಬಾಕೆ ಹೆದರಿ ನಿಂತುಬಿಟ್ಟಳು. ಅತ್ತೆ ಗದರಿದರು: "ಉಡ್ಯಾಗ ಹಾಕ್ರಿ, ಏನೂ ಆಗಂಗಿಲ್ಲ. ಬಾಯಾಗ ಹಾಕಬ್ಯಾಡ್ರಿ!"

ಆದರೆ ಬಸುರಿಗೆ ತುತ್ತು ಕೊಡದೆ ಕುಬಸ ಮುಗಿಯುವುದುಂಟೇ? ಒಬ್ಬರ ಡಬ್ಬಿಯಲ್ಲಿ ಗೋಧಿ ಹುಗ್ಗಿ, ಇನ್ನೊಬ್ಬರದರಲ್ಲಿ ಕರಚಿಕಾಯಿ. ಉಮರ್ಗಾದ ಸೋದರತ್ತೆಯಂತೂ ಹೋಳಿಗೆ ಮುರಿದು ನನ್ನ ತುಟಿಯವರೆಗೆ ತಂದೇಬಿಟ್ಟರು. ಬಸುರಿ ತುತ್ತು ಬೇಡ ಅಂದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಂತೆ! ಡಾಕ್ಟರು, ಕರುಳು ಎಂದು ನಾನು ಒದರಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ತಡೀರಿ!" ಅತ್ತೆ ಅಡ್ಡ ಬಂದರು. "ನಾ ಹರಕಿ ಹೊತ್ತೀನಿ. ಈಕಿ ಹಡಿಯೋತನ ಈಕಿ ಬಾಯಿಗಿ ಗೋಧಿ ಮುಟ್ಟಸಂಗಿಲ್ಲ."

"ಅಯ್ಯ, ಹರಕಿ ಅಂತ ಮದ್ಲೇ ಹೇಳಬೇಕಿಲ್ರಿ!" ಎಂದು ಡಬ್ಬಿಗಳು ಟಪಟಪ ಮುಚ್ಚಿದವು. ಲಾತೂರದ ಡಾಕ್ಟರಿಗೆ ಆಗದ್ದು ಒಂದು ಮಾತಿನಲ್ಲಿ ಆಗಿಹೋಯಿತು. ಸೋದರತ್ತೆ ಗಲ್ಲ ಬಡಿದುಕೊಂಡು, ಮೊಣಕೈವರೆಗೆ ಕೈ ತೊಳೆದು ಬಂದು, ಅಕ್ಕಿ ಪಾಯಸ ಉಣ್ಣಿಸಿದರು. ನಾನು ಅತ್ತೆಯನ್ನು ನೋಡುತ್ತಲೇ ಇದ್ದೆ. ಎಂಥ ಹೆಂಗಸು!

ಒಳಗೆ ಹೋದಾಗ ಮೆಲ್ಲಗೆ ಕೇಳಿದೆ: "ಅತ್ತೀ, ಡಾಕ್ಟರ್ ಜನ್ಮಪೂರ್ತಿ ಅಂದಾರ. ಹಡದ ಮ್ಯಾಲ?"

"ಹಡದ ಮ್ಯಾಲ ಇನ್ನೊಂದು ಹೊರ್ತೀನಿ."

ಆ ಬಸಿರಿನ ಮಗಳು ಈಗ ರೊಟ್ಟಿಗಾಗಿ ನನ್ನ ತಾಟಿಗೇ ಕೈ ಹಾಕುತ್ತಾಳೆ. ಆದರೆ ಆ ದಿನದ ಮಾತು ಅಲ್ಲಿಗೆ ಮುಗಿಯಲಿಲ್ಲ. ಹೆಂಗಸರೆಲ್ಲ ಹೋದ ಮೇಲೆ ಸೋದರತ್ತೆ ಒಳಗೆ ಬಂದು ಅತ್ತೆಯ ಕೈ ಹಿಡಿದರು.

"ವೈನಿ, ಅದು ಯಾವ ದೇವರ ಹರಕಿ? ನನ್ನ ಸೊಸಿನೂ ಹೀಂಗೇ ಒಣಗಲತ್ತಾಳ. ನಾಳಿಂದೇ ಆಕಿಗಿ ಗೋಧಿ ಬಿಡಸ್ತೀನಿ."

"ನಾಳಿಗೇ ಬ್ಯಾಡ! ಈ ದೇವರಿಗಿ ಮದ್ಲ ರಕ್ತ ಕೊಡಬೇಕು."

"ಶಿವ ಶಿವಾ! ನಾವು ಲಿಂಗವಂತ್ರು, ವೈನಿ! ಯಾರ ರಕ್ತ?"

"ನಿನ್ನ ಸೊಸಿದೇ."

ಸೋದರತ್ತೆ ಹಿಡಿದಿದ್ದ ಕೈ ಬಿಟ್ಟು ಬಾಗಿಲ ಕಡೆ ತಿರುಗಿದರು. ಅತ್ತೆ ಅವರ ಬೆನ್ನು ಸವರುತ್ತ ತಣ್ಣಗೆ ಹೇಳಿದರು:

"ಸಣ್ಣ ಶೀಶಾದಾಗ, ಲಾತೂರದ ಲ್ಯಾಬಿನಾಗ. ಅಲ್ಲೀತನ ಚಪಾತಿ ತಿಂತಾ ಇರ್ಲಿ. ಮದ್ಲೇ ಬಿಟ್ರ ರಕ್ತದಾಗಿನ ಬ್ಯಾನಿ ಆ ದೇವರಿಗಿ ಕಾಣಂಗಿಲ್ಲ."